ಫ್ಯಾನಿನ ಶ್ರುತಿ

ಚಿಗರಿ ಬಸ್ಸಿನ್ಯಾಗ ಧಾರವಾಡದಿಂದ ಹುಬ್ಬಳ್ಳಿ ಮುಟ್ಟೂತನಕ
ತಬಸ್ಸುಮ್ ಪಟ್ಟಿ ಓದಿದಳು:
ಹದಿನಾರು ಜಿಬಿ ರ‍್ಯಾಮ್, ಎಂಟು ಕೋರ್,
ಎರಡು ತೂತಿನ ಇಂಟರ್ಫೇಸು, ಕಂಡೆನ್ಸರ್ ಮೈಕು.
ನಾನು ಒಂದ ಕೇಳಿದೆ:
‘ಅದು ಎಷ್ಟು ಗುಂಯ್ಯಂತೈತಿ?’
ಆಕಿ ಕಡೆ ಉತ್ತರ ಇರಲಿಲ್ಲ. ಪಟ್ಟಿಯೊಳಗೂ ಇರಲಿಲ್ಲ.

ಕೊಪ್ಪೀಕರ ರೋಡು, ಮ್ಯಾಲಿನ ಮಜಲಿ.
ಅಂಗಡಿ ಹುಡುಗ ಪಾರಸ್ ಚಾ ತರಿಸಿದ.
‘ಮೊಮ್ಮಗಗೇನ್ರಿ ಅಜ್ಜಿ? ಗೇಮಿಂಗಿಗೆ?’
‘ಪೇಟಿಗೆ’ ಅಂದೆ.

ನಲವತ್ತೊಂದು ವರ್ಷ ಪೇಟಿ ರಿಪೇರಿ ಮಾಡಿದಾಕಿ ನಾನು.
ಮಾವ ಹೇಳಿಕೊಟ್ಟದ್ದು ಎರಡ ಮಾತು:
ರೀಡಿನ ತುದಿ ಕೆರೆದರ ಸ್ವರ ಏರತೈತಿ,
ಬುಡ ಕೆರೆದರ ಇಳೀತೈತಿ.
ಉಳಿದದ್ದು ಕಿವಿಗೆ ಬಿಟ್ಟದ್ದು.

ಕಾಮನಕಟ್ಟಿ ಓಣ್ಯಾಗ ನಮ್ಮ ಅಟ್ಟದ ಮ್ಯಾಲೆ
ಹನ್ನೊಂದು ಪೇಟಿ ಕುಂತಾವು, ಒಯ್ಯಾಕ ಯಾರೂ ಬಂದಿಲ್ಲ.
ಒಂದರ ತಿದಿ ಇಲಿ ಕಡಿದೈತಿ.
ಒಂದರ ಚೀಟಿ ಮ್ಯಾಲೆ ಬರೆದ ಫೋನ್ ನಂಬರ
ಬರೇ ಐದು ಅಂಕಿದು.
ರೀಡಿನ್ಯಾಗ ಮಾತ್ರ ಇನ್ನೂ ಜೀವ ಐತಿ.
ಕಿಲುಬು ತಿನ್ನೂದರೊಳಗ ಒಂದೊಂದ ಸ್ವರ ಹಿಡಿದಿಡಬೇಕು.
ಭಿಸಿ ಎತ್ತೇನಿ. ಅರವತ್ತು ಸಾವಿರ.

ಬಣ್ಣದ ಲೈಟಿನ ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದೆ:
ಬಿಳಿ ಮೂರು, ಸ್ವಲ್ಪ ಇಳಿದು, ನಡುನಡುವ ಗರಗರ.
ಎರಡನೇದಕ್ಕ ಎರಡು ಫ್ಯಾನು,
ಒಂದರ ಸ್ವರಕ್ಕ ಇನ್ನೊಂದು ಕೂದಲೆಳೆ ಓರೆ.
ವಂವ್, ವಂವ್, ವಂವ್ ಅಂತ ಅಲೆ ಏಳತಾವು,
ವಾರಗಿತ್ತೇರು ಒಂದ ಒಲಿ ಮುಂದ ಕುಂತಂಗ.
ಪಾರಸ್ ನಕ್ಕ. ಆಮ್ಯಾಲೆ ತಾನೂ ಕಿವಿ ಹಚ್ಚಿದ.
‘ಹೌದಲ್ರಿ!’

ಹಾರ್ಡ್ ಡಿಸ್ಕು ಬ್ಯಾಡಂದೆ, ಒಳಗ ಕೆರಕೊಂತೈತಿ.
ಎಸ್ಸೆಸ್‌ಡಿಯೊಳಗ ತಿರುಗೂದ ಏನೂ ಇಲ್ಲಂತ. ಬರಕೊ.

ನಾಲ್ಕನೇದು, ಮೂಲ್ಯಾಗ ಧೂಳು ಹಿಡಿದ ಕರಿ ಡಬ್ಬಿ.
ಫ್ಯಾನು ಒಂದ. ದೊಡ್ಡದು. ಸಾವಕಾಶ.
ಕರಿ ಎರಡು,
ಆಚೀ ಕೋಣ್ಯಾಗ ಯಾರೋ ತಂಬೂರಿ ಮೀಟಿದಂಗ.
ಇಂಥದ್ದು ಬೆನ್ನಿಗಿದ್ದರ ಅಡ್ಡಿಯಿಲ್ಲ.
‘ಪ್ರೊಸೆಸರ್ ಹಳೇದ್ರಿ.’
‘ನಾನೇನು ಹೊಸಬಳೇನು?’

ಸಾಫ್ಟ್‌ವೇರಿನ ಮಾತು ಬಂತು.
ಒಂದು ಪುಕ್ಸಟೆ. ಒಂದಕ್ಕ ತಿಂಗಳಾ ತಿಂಗಳಾ ಬಾಡಿಗಿ.
ಇನ್ನೊಂದು (ಪಾರಸ್ ದನಿ ಸಣ್ಣ ಮಾಡಿದ)
ಪೆನ್‌ಡ್ರೈವಿನ್ಯಾಗ, ನೂರು ರೂಪಾಯಿಗೆ.
ಕದ್ದ ರೀಡು ಕೂಡಿಸಿದ ಪೇಟಿ ನನ್ನ ಮುಂದ ಬಂದಾವು ತಮ್ಮಾ,
ಕಟಗಿಗೂ ಅವಕ್ಕೂ ಹೊಂದಾಣಿಕಿ ಆಗೂದಿಲ್ಲ.
ಪುಕ್ಸಟೇದ ಹಾಕು.

ತಬಸ್ಸುಮ್ ಹೆಡ್‌ಫೋನ್ ಏರಿಸಿದಳು. ಕೀ ಒತ್ತಿದೆ.
ಸ್ವರ ತಡಾ ಮಾಡಿ ಬಂತು,
‘ಬಂದೆ’ ಅಂದು ಬಾರದ ಸೊಸಿಯಂಗ.
ನಾನೂ ಹಂಗ ಇದ್ದೆ.
‘ಬಫರ್ ಕಮ್ಮಿ ಮಾಡೂಣು’ ಅಂದ.
ಕಮ್ಮಿ ಮಾಡಿದರ ಕಡ್ಲಿ ಹುರಿದಂಗ ಚಟಪಟ.
ಏರಿಸಿದ. ಇಳಿಸಿದ. ತುದಿ ಕೆರೆ, ಬುಡ ಕೆರೆ,
ಅವನದೂ ನನ್ನ ಕೆಲಸಾನ.
ನೂರಾ ಇಪ್ಪತ್ತೆಂಟಕ್ಕ ನಿಂತಿತು.

ಆಗ ಅಂದ:
‘ಇದರಾಗ ಪೇಟಿನೂ ಐತ್ರಿ ಅಜ್ಜಿ, ರೆಡಿಮೇಡ್.
ಯಾಕ ಬೇಕು ರೆಕಾರ್ಡ್ ಮಾಡೂ ತ್ರಾಸು?’

ಬೈಯಾಕ ತಯಾರಾಗಿ ಕುಂತೆ.
ಅವ ಒತ್ತಿದ.
ಇನ್ನೊಮ್ಮೆ ಒತ್ತಪಾ. ಇನ್ನೊಮ್ಮೆ.
ಸ್ವರದ ಬೆನ್ನಿಗೆ, ಸಣ್ಣಗ, ಸ್‌ಸ್‌ಸ್…
ತಿದಿಯ ಮೂರನೇ ಮಡಿಕಿ, ಎಡಮೂಲಿ,
ತೊಗಲು ಸೀಳೈತಿ.

ಯಾರದೋ ಖರೇ ಪೇಟಿ ಇದು.
ಯಾರೋ ಬಾಗಲಾ ಹಾಕ್ಕೊಂಡು, ಉಸಿರು ಬಿಗಿಹಿಡಿದು,
ಒಂದೊಂದ ಸ್ವರ ತುಂಬಿಟ್ಟಾರ,
ಗಾಳಿ ಸೋರೂದು ಗೊತ್ತಿತ್ತೋ ಇಲ್ಲೋ.
‘ಯಾವ ಊರಿಂದು ಇದು?’
ಇಬ್ಬರೂ ಹುಡುಕಿದರು. ಊರಿಲ್ಲ, ಹೆಸರಿಲ್ಲ,
ಫೈಲಿಗೊಂದು ನಂಬರ ಅಷ್ಟ.

ಬಿಲ್ಲಿಗೆ ನನ್ನ ಹೆಸರು ಕೇಳಿದ.
‘ಮೌನವ್ವ ಬಡಿಗೇರ.’
ಕರಿ ಡಬ್ಬಿ ನೋಡಿದ, ನನ್ನ ನೋಡಿದ,
ಬರಕೊಂಡ.

ತಿರುಗಿ ಬರೂಮುಂದ ಡಬ್ಬಿ ತೊಡಿ ಮ್ಯಾಲೆ.
ನವಲೂರು ದಾಟಿತು. ತಬಸ್ಸುಮಳಿಗೆ ನಿದ್ದಿ.
ನನ್ನ ಕಿವ್ಯಾಗ ಇನ್ನೂ ಅದ ಸೋರಿಕಿ.
ತರಲಿ ಯಾರಾದರೂ ಆ ಪೇಟಿ.
ತುಸು ಕುರಿತೊಗಲು, ಬಿಸಿ ಅಂಟು, ಅರ್ಧ ದಿನ.
ಮುನ್ನೂರು ರೂಪಾಯಿ.
ಭಾಳ ದೂರದವರಿದ್ದರ ಇನ್ನೂರಾ ಐವತ್ತು.